ಮಹದಾಯಿ ಕಡೆದ ಬೆಟ್ಟಗಳು: ಭೀಮಗಡ ವನ್ಯಜೀವಿಧಾಮಕ್ಕೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿರುವ ಭೀಮಗಡದ ಕಾಡಿಗೆ ಹೋಗಬೇಕೆನ್ನುವ ಬಂಧುಗಳು, ಶಿಕ್ಷಕರು, ಕಾಲೇಜು ವಿದ್ಯಾರ್ಥಿಗಳು ಮತ್ತು ಬಾಗಲಕೋಟೆ, ವಿಜಯಪುರದ ಕಡೆಯ ಸ್ನೇಹಿತರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು, ಆದಷ್ಟು ಅವರದೇ ಮಾತಿನಲ್ಲಿ, ಇಲ್ಲಿ ಒಟ್ಟುಗೂಡಿಸಲಾಗಿದೆ. ಒಂದು ಉತ್ತರವನ್ನಷ್ಟೇ ಓದಿದರೂ ಅರ್ಥವಾಗುವಂತೆ ಬರೆಯಲಾಗಿದೆ. ಮೊದಲ ಬಾರಿ ಹೋಗುವವರಿಗೆ ಬೇಕಾದದ್ದು ಮೊದಲಿಗೂ, ನದಿ ಮತ್ತು ಕಾಡಿನ ವಿಚಾರದಲ್ಲಿ ಆಳವಾಗಿ ತಿಳಿಯಬಯಸುವವರಿಗೆ ಬೇಕಾದದ್ದು ಕೊನೆಗೂ ಇದೆ.

## ಮೊದಲ ತಿಳಿವಳಿಕೆ

ಭೀಮಗಡ ಅಂದರೆ ಕೋಟೆಯೋ, ಕಾಡೋ, ಜಲಪಾತವೋ?

ಮೂರೂ ಹೌದು. ಕಡಿದಾದ ಬೆಟ್ಟದ ನೆತ್ತಿಯ ಮೇಲೆ ಶಿವಾಜಿ ಮಹಾರಾಜರ ಕಾಲದ, ಅಂದರೆ 17ನೆಯ ಶತಮಾನದ ಕೋಟೆಯೊಂದಿದೆ. ಗೋವೆಯ ಪೋರ್ಚುಗೀಸರ ಮೇಲೆ ಕಣ್ಣಿಡುವುದಕ್ಕೆ ಅದು ಒದಗುತ್ತಿತ್ತು. ಆ ಕೋಟೆಯ ಹೆಸರನ್ನೇ ಸುತ್ತಲಿನ ಕಾಡಿಗೆ ಇಟ್ಟು, 2011ರ ಡಿಸೆಂಬರಿನಲ್ಲಿ ಕರ್ನಾಟಕ ಸರ್ಕಾರವು ಸುಮಾರು 190 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಿತು. ದಕ್ಷಿಣಕ್ಕೆ ದಾಂಡೇಲಿ-ಅಣಶಿಯ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡುಗಳೂ, ಪಶ್ಚಿಮಕ್ಕೆ ಗೋವೆಯ ಮಹಾದಾಯಿ ವನ್ಯಧಾಮವೂ ಇರುವುದರಿಂದ, ನಕಾಶೆಯಲ್ಲಿ ಚಿಕ್ಕದಾಗಿ ಕಾಣುವ ಈ ಕಾಡು ಪ್ರಾಣಿಗಳ ಪಾಲಿಗೆ ಎರಡು ದೊಡ್ಡ ಕಾಡುಗಳನ್ನು ಕೂಡಿಸುವ ದಾರಿಯಾಗಿದೆ.

ಆದರೂ ಇಲ್ಲಿಗೆ ಹೋಗುವವರು ಕೋಟೆಯನ್ನೋ ಜಲಪಾತವನ್ನೋ ಗುರಿಯಾಗಿಟ್ಟುಕೊಳ್ಳುವ ಬದಲು ನೀರನ್ನು ಹಿಂಬಾಲಿಸಬೇಕೆಂದು ನಾನು ಹೇಳುತ್ತೇನೆ. ಇಲ್ಲಿನ ಕಣಿವೆ, ಗುಹೆ, ಹಳ್ಳಿಗಳ ನೆಲೆ, ಕೋಟೆ ನಿಂತ ಕಡಿದಾದ ಗುಡ್ಡ, ಇವೆಲ್ಲ ನೀರು ಹರಿದ ದಾರಿಯಿಂದಲೇ ರೂಪುಗೊಂಡಿವೆ.

ಮಹದಾಯಿ ಅಲ್ಲಿ ಹುಟ್ಟುತ್ತದೆ ಅಂತಾರೆ, ಮಲಪ್ರಭೆಯೂ ಅಲ್ಲೇ ಅಂತಾರೆ. ಯಾವುದು ನಿಜ?

ಎರಡೂ ನಿಜ, ಆದರೆ ಒಂದೇ ಜಾಗದಲ್ಲಿ ಅಲ್ಲ. ಮಹದಾಯಿಯು ಭೀಮಗಡದ ಕಾಡಿನೊಳಗಿನ ಹಲವು ಒರತೆಗಳು ಕೂಡಿ ಹಳ್ಳವಾಗಿ, ಪಶ್ಚಿಮಕ್ಕೆ ಗೋವೆಗೆ ಇಳಿದು, ಅಲ್ಲಿ ಮಾಂಡೋವಿ ಎನಿಸಿಕೊಂಡು ಪಣಜಿಯ ಬಳಿ ಅರಬ್ಬೀ ಸಮುದ್ರ ಸೇರುತ್ತದೆ. ಮಲಪ್ರಭೆಯು ಕಣಕುಂಬಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 792 ಮೀಟರ್ ಎತ್ತರದಲ್ಲಿ, ಮಾವುಲಿ ದೇವಿಯ ಗುಡಿಯ ಬಳಿ ಹುಟ್ಟುತ್ತದೆ. ಅದು ಸಮುದ್ರಕ್ಕೆ ಅಷ್ಟು ಹತ್ತಿರದಲ್ಲಿ ಹುಟ್ಟಿದರೂ ಸಮುದ್ರಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹರಿಯುತ್ತದೆ. ಖಾನಾಪುರ, ಸವದತ್ತಿಯ ನವಿಲುತೀರ್ಥದ ಜಲಾಶಯ, ಪಟ್ಟದಕಲ್ಲು, ಐಹೊಳೆಗಳನ್ನು ದಾಟಿ, 304 ಕಿಲೋಮೀಟರ್ ಹರಿದು, ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ.

ಹೀಗಾಗಿ ಕಣಕುಂಬಿಯ ಆಸುಪಾಸಿನ ದಿಬ್ಬದ ಮೇಲೆ ಬಿದ್ದ ಮಳೆಯಲ್ಲಿ ಒಂದು ಪಾಲು ಪಣಜಿಗೂ ಇನ್ನೊಂದು ಪಾಲು ಕೊನೆಗೆ ಬಂಗಾಳ ಕೊಲ್ಲಿಗೂ ಹೋಗುತ್ತದೆ. ಕೂಡಲಸಂಗಮಕ್ಕೆ ವರ್ಷವೂ ಹೋಗುವ ನಮ್ಮ ಜನರಲ್ಲಿ ಅನೇಕರು ಆ ನೀರಿನ ಮೂಲವನ್ನು ಕಂಡಿಲ್ಲ. ಭೀಮಗಡದ ಪ್ರವಾಸವನ್ನು ಕಣಕುಂಬಿಯ ಆ ತೀರ್ಥದಿಂದ ಆರಂಭಿಸಿದರೆ, ಮುಂದೆ ಕಾಣುವುದೆಲ್ಲ ಒಂದಕ್ಕೊಂದು ಹೊಂದಿಕೊಳ್ಳುತ್ತದೆ.

ನಾವು ವಿಜಯಪುರದವರು. ಎಲ್ಲಿಂದ ಹೇಗೆ ಹೋಗಬೇಕು? ಒಂದೇ ದಿನದಲ್ಲಿ ನೋಡಿ ಬರಬಹುದೇ?

ಒಂದೇ ದಿನದಲ್ಲಿ ಬೇಡ. ವಿಜಯಪುರದಿಂದ ಬೆಳಗಾವಿಗೇ ಸುಮಾರು 200 ಕಿಲೋಮೀಟರ್, ಬಾಗಲಕೋಟೆಯಿಂದ ಸುಮಾರು 140 ಕಿಲೋಮೀಟರ್ ಆಗುತ್ತದೆ. ಹಿಂದಿನ ದಿನ ಸಂಜೆಯೊಳಗೆ ಬೆಳಗಾವಿ ಅಥವಾ ಖಾನಾಪುರ ತಲುಪಿ ತಂಗಿದರೆ, ಮರುದಿನ ಬೆಳಗಿನ ತಂಪಿನಲ್ಲಿ ಕಾಡಿನ ಅಂಚಿನಲ್ಲಿರಬಹುದು.

ಬೆಳಗಾವಿಯಿಂದ ಎರಡು ದಾರಿಗಳಿವೆ. ಮೊದಲನೆಯದು ಜಾಂಬೋಟಿ, ಕಣಕುಂಬಿ ಮೂಲಕ ಚೋರ್ಲಾ ಘಾಟಿಗೆ ಇಳಿದು ಗೋವೆಗೆ ಹೋಗುವ ರಸ್ತೆ. ಮಲಪ್ರಭೆಯ ಉಗಮ, ವಜ್ರಪೋಹಾ ಜಲಪಾತದ ಕಡೆಯ ಹಳ್ಳಿಗಳು ಮತ್ತು ಘಾಟಿಯ ಅಂಚಿನ ನೋಟಗಳು ಈ ದಿಕ್ಕಿನಲ್ಲಿವೆ. ಎರಡನೆಯದು ಖಾನಾಪುರದಿಂದ ಹೆಮ್ಮಡಗಾ ಮೂಲಕ ಅನಮೋಡದ ಕಡೆಗೆ ಸಾಗುವ ರಸ್ತೆ. ಇದು ವನ್ಯಧಾಮದ ಕಾಡನ್ನು ಹಾದುಹೋಗುತ್ತದೆ. ಭೀಮಗಡ ಕೋಟೆ, ತಳೇವಾಡಿ ಮುಂತಾದವುಗಳಿಗೆ ಈ ಕಡೆಯಿಂದಲೇ ಸಮೀಪ. ರೈಲಿನಲ್ಲಿ ಬರುವವರು ಖಾನಾಪುರ ಅಥವಾ ಲೋಂಡಾದಲ್ಲಿ ಇಳಿಯಬಹುದು. ಜಾಂಬೋಟಿ, ಕಣಕುಂಬಿಯ ಕಡೆಗೆ ಸಾರಿಗೆ ಸಂಸ್ಥೆಯ ಬಸ್ಸುಗಳಿದ್ದರೂ ಒಳಹಳ್ಳಿಗಳಿಗೆ ಬಸ್ಸನ್ನೇ ನಂಬಿ ಹೊರಟರೆ ಮರಳುವುದು ಕಷ್ಟವಾದೀತು.

ಸಫಾರಿ ಐತೇನ್ರಿ? ಹುಲಿ ಕಾಣತಾವೇನ್ರಿ?

ಬಂಡೀಪುರ, ನಾಗರಹೊಳೆಗಳಲ್ಲಿರುವಂಥ ಜೀಪಿನ ಸಫಾರಿಯ ನಿರೀಕ್ಷೆಯಲ್ಲಿ ಭೀಮಗಡಕ್ಕೆ ಹೋಗಬಾರದು. ಹುಲಿ, ಚಿರತೆ, ಕಾಡುಕೋಣ, ಕರಡಿ, ಸೀಳುನಾಯಿ, ಕಡವೆ, ಕಾಡುಕುರಿ ಎಲ್ಲವೂ ಇಲ್ಲಿವೆ. ಆನೆಗಳೂ ದಾಂಡೇಲಿಯ ಕಡೆಯಿಂದ ಬಂದುಹೋಗುತ್ತವೆ. ಆದರೆ ನಿತ್ಯಹರಿದ್ವರ್ಣದ ದಟ್ಟ ಕಾಡಿನಲ್ಲಿ ಹತ್ತು ಹೆಜ್ಜೆಯಾಚೆ ನಿಂತ ಕಾಡುಕೋಣವೂ ಕಾಣದೆ ಇರಬಹುದು. ಇಲ್ಲಿ ಹುಲಿ ಬಹುಮಟ್ಟಿಗೆ ದಾರಿಹೋಕ. ಭೀಮಗಡಕ್ಕೂ ಗೋವೆಯ ಕಾಡಿಗೂ ನಡುವೆ ಹುಲಿಯ ಪಾಲಿಗೆ ಗಡಿರೇಖೆಯಿಲ್ಲ. 2020ರ ಜನವರಿಯಲ್ಲಿ ಗಡಿಯಾಚೆಯ ಮಹಾದಾಯಿ ವನ್ಯಧಾಮದಲ್ಲಿ ನಾಲ್ಕು ಹುಲಿಗಳು ವಿಷಪ್ರಾಶನದಿಂದ ಸತ್ತಾಗ ಅದು ನಮ್ಮ ಕಾಡಿಗೂ ಆದ ನಷ್ಟವೇ ಆಗಿತ್ತು.

ಕಾಣುವ ಆಸೆಯಿದ್ದರೆ ಕತ್ತನ್ನು ಮೇಲೆತ್ತಬೇಕು. ಮರದಿಂದ ಮರಕ್ಕೆ ನೆಗೆಯುವ ಕೆಂದಳಿಲು, ರೆಕ್ಕೆಯ ಸದ್ದಿನಿಂದಲೇ ಗುರುತು ಸಿಗುವ ಮಂಗಟ್ಟೆ ಹಕ್ಕಿಗಳು ಬೆಳಗಿನ ಹೊತ್ತು ತಾಳ್ಮೆಯಿಂದ ನಿಂತವರಿಗೆ ಸಿಗುತ್ತವೆ.

## ಹೊರಡುವ ಮುನ್ನ

ಯಾವ ತಿಂಗಳು ಒಳ್ಳೆಯದು? ಮಳೆಗಾಲದಲ್ಲಿ ಹೋದರೇ ಚೆಂದ ಅಂತಾರಲ್ಲ?

ಮಳೆಗಾಲದಲ್ಲಿ ಚೆಂದವೆನ್ನುವವರು ಚೋರ್ಲಾ ರಸ್ತೆಯಿಂದ ಮಂಜನ್ನು ನೋಡಿ ಬಂದವರು. ಕಾಡಿನ ಒಳಗಿನ ಮಾತು ಬೇರೆ. ವನ್ಯಧಾಮದ ಆಮಗಾಂವದಲ್ಲಿ 2010ರಲ್ಲಿ 10,068 ಮಿಲಿಮೀಟರ್ ಮಳೆ ದಾಖಲಾಯಿತು. ವಿಜಯಪುರ ಜಿಲ್ಲೆಗೆ ಇಡೀ ವರ್ಷದಲ್ಲಿ ಬೀಳುವುದು ಸುಮಾರು 600 ಮಿಲಿಮೀಟರ್ ಎಂಬುದನ್ನು ನೆನೆದರೆ, ಆ ಮಳೆ ಎಂಥದೆಂದು ತಿಳಿದೀತು. ಬೆಳಿಗ್ಗೆ ಮೊಣಕಾಲುದ್ದವಿದ್ದ ಹಳ್ಳವು ಮೇಲಿನ ಗುಡ್ಡದಲ್ಲಿ ಬಿದ್ದ ಮಳೆಗೆ ಮಧ್ಯಾಹ್ನದೊಳಗೆ ದಾಟಲಾಗದಂತಾಗುತ್ತದೆ. ನೀವು ನಿಂತಲ್ಲಿ ಬಿಸಿಲಿದ್ದರೂ ಹೀಗಾಗಬಹುದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಜಲಪಾತಗಳ ಕಡೆಗೆ ಹೋಗುವುದನ್ನು ಅರಣ್ಯ ಇಲಾಖೆಯೂ ಪೊಲೀಸರೂ ತಡೆಯುವುದಕ್ಕೆ ಇದೇ ಕಾರಣ.

ಅಕ್ಟೋಬರ್ ಕೊನೆಯಿಂದ ಜನವರಿಯವರೆಗಿನ ಅವಧಿ ಎಲ್ಲ ರೀತಿಯಿಂದಲೂ ಉತ್ತಮ. ಹಳ್ಳಗಳಲ್ಲಿ ನೀರಿರುತ್ತದೆ, ಕಾಲುದಾರಿಗಳು ಒಣಗಿರುತ್ತವೆ, ಚಳಿಯೂ ಹಿತವಾಗಿರುತ್ತದೆ. ನದಿ ಬಂಡೆಯನ್ನು ಹೇಗೆ ಕೊರೆದಿದೆ ಎಂದು ನೋಡಬೇಕೆನ್ನುವವರಿಗೆ ಮಾತ್ರ ನಾನು ಫೆಬ್ರುವರಿ, ಮಾರ್ಚ್ ತಿಂಗಳುಗಳನ್ನು ಸೂಚಿಸುತ್ತೇನೆ. ಏಕೆಂದರೆ ನೀರು ಇಳಿದ ಮೇಲೆಯೇ ನದಿಯ ಕೆಲಸ ಕಣ್ಣಿಗೆ ಬೀಳುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಾಳ್ಗಿಚ್ಚಿನ ಭಯವಿರುವುದರಿಂದ ದಾರಿಗಳು ಮುಚ್ಚಿರಬಹುದು.

ಪರವಾನಗಿ ಬೇಕೇ ಬೇಕಾ? ಊರವರನ್ನು ಕರೆದುಕೊಂಡು ಹೋದರೆ ಸಾಲದೇ?

ಬೇಕೇ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೆಯ ಕಲಮು ವನ್ಯಧಾಮದೊಳಗೆ ಪರವಾನಗಿಯಿಲ್ಲದೆ ಹೋಗುವುದನ್ನು ನಿರ್ಬಂಧಿಸುತ್ತದೆ. ಪ್ರವಾಸ, ಛಾಯಾಗ್ರಹಣ, ಅಧ್ಯಯನಗಳಿಗೆ ಪರವಾನಗಿ ಕೊಡುವುದು 28ನೆಯ ಕಲಮಿನ ಪ್ರಕಾರ. ಬೆಂಕಿ ಹಚ್ಚುವುದನ್ನು 30ನೆಯ ಕಲಮು ನಿಷೇಧಿಸುವುದರಿಂದ, ಹೊಳೆಯ ದಂಡೆಯಲ್ಲಿ ಒಲೆ ಹೂಡಿ ಅಡುಗೆ ಮಾಡುವ ನಮ್ಮ ಕಡೆಯ ಜನಪ್ರಿಯ ರೂಢಿ ಇಲ್ಲಿ ಅಪರಾಧವಾಗುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಹಾದುಹೋಗುವುದಕ್ಕೆ ಈ ಪರವಾನಗಿ ಬೇಕಿಲ್ಲ. ರಸ್ತೆ ಬಿಟ್ಟು ಕಾಲುದಾರಿ ಹಿಡಿದಾಗ ಬೇಕು.

ಹೊರಡುವ ಕೆಲವು ದಿನ ಮೊದಲೇ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಅಥವಾ ಬೆಳಗಾವಿಯ ಅರಣ್ಯ ವಿಭಾಗದ ಕಚೇರಿಯಲ್ಲಿ ವಿಚಾರಿಸಿ, ಯಾವ ದಾರಿ ತೆರೆದಿದೆ ಎಂದು ತಿಳಿದುಕೊಳ್ಳಬೇಕು. ರಾಜ್ಯದ ಅನೇಕ ಚಾರಣಗಳನ್ನು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಕಾಯ್ದಿರಿಸುವ ವ್ಯವಸ್ಥೆ ಬಂದಿರುವುದರಿಂದ ಅಲ್ಲಿಯೂ ಒಮ್ಮೆ ನೋಡುವುದು ಒಳ್ಳೆಯದು. ಇನ್ನು ಊರವರ ವಿಚಾರ. ಪರವಾನಗಿಯಿಲ್ಲದ ಗುಂಪನ್ನು ಒಳಗೆ ಕರೆದೊಯ್ದ ಹಳ್ಳಿಯ ಹುಡುಗ ಸಿಕ್ಕಿಬಿದ್ದರೆ, ನೀವು ದಂಡ ಕಟ್ಟಿ ಊರಿಗೆ ಮರಳುತ್ತೀರಿ, ಅವನು ಅದೇ ಕಾಡಿನಲ್ಲಿ ಅದೇ ಸಿಬ್ಬಂದಿಯ ಎದುರು ದಿನವೂ ಬದುಕಬೇಕು. ಅವನ ಮೇಲೆ ಆ ಹೊರೆ ಹೊರಿಸಬೇಡಿ.

ಉಳಿಯುವುದು, ಊಟ, ಮೊಬೈಲ್ ನೆಟ್‌ವರ್ಕ್ ಹೇಗೆ?

ಹೆಮ್ಮಡಗಾದಲ್ಲಿ ಪ್ರಕೃತಿ ಶಿಬಿರವಿದೆ. ಮೊದಲೇ ಕಾಯ್ದಿರಿಸದೆ ಹೋಗಬಾರದು. ಜಾಂಬೋಟಿಯ ಸುತ್ತ ಖಾಸಗಿ ವಸತಿಗಳಿವೆ, ಖಾನಾಪುರದಲ್ಲಿ ಸಾದಾ ಲಾಡ್ಜುಗಳಿವೆ. ಒಳಗಿನ ಹಳ್ಳಿಗಳಲ್ಲಿ ಖಾನಾವಳಿ ಇರುವುದಿಲ್ಲವಾದ್ದರಿಂದ ಬುತ್ತಿ ಕಟ್ಟಿಕೊಂಡೇ ಹೋಗಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಪಲ್ಯ ದಿನವಿಡೀ ಕೆಡದೆ ಇರುತ್ತವೆ. ಮೊಬೈಲ್ ಬಹುಪಾಲು ಕಡೆ ಕೆಲಸ ಮಾಡುವುದಿಲ್ಲ. ಎಷ್ಟು ಹೊತ್ತಿಗೆ ಮರಳುತ್ತೀರೆಂದು ಹೊರಗಿರುವ ಒಬ್ಬರಿಗೆ ಹೇಳಿ, ನಕಾಶೆಯನ್ನು ಮೊದಲೇ ಇಳಿಸಿಕೊಂಡು ಹೊರಡಿ.

ಅವ್ವ, ಅಪ್ಪ, ಸಣ್ಣ ಮಕ್ಕಳು ಜೊತೆಗಿದ್ದಾರೆ. ಅವರಿಗೆ ಏನಾದರೂ ಇದೆಯೇ?

ಅವರಿಗೆಂದೇ ಒಂದು ಒಳ್ಳೆಯ ದಿನವಿದೆ, ಮತ್ತು ಅದರಲ್ಲಿ ಬೆಟ್ಟ ಹತ್ತುವ ಅಗತ್ಯವಿಲ್ಲ. ಬೆಳಿಗ್ಗೆ ಕಣಕುಂಬಿಯಲ್ಲಿ ಮಲಪ್ರಭೆಯ ಉಗಮ ಮತ್ತು ಮಾವುಲಿ ದೇವಿಯ ಗುಡಿಯನ್ನು ನೋಡಿ, ಅಲ್ಲಿಂದ ಹಿಂತಿರುಗಿ ಹಬ್ಬನಹಟ್ಟಿಗೆ ಬರಬೇಕು. ಅಲ್ಲಿ ಮಲಪ್ರಭೆಯ ದಂಡೆಯಲ್ಲಿಯೇ ಇರುವ ಮಾರುತಿಯ ಗುಡಿಯು ಮಳೆಗಾಲದಲ್ಲಿ ನದಿ ಉಬ್ಬಿದಾಗ ನೀರಿನಲ್ಲಿ ಮುಳುಗುತ್ತದೆ, ನೀರು ಇಳಿದ ಮೇಲೆ ಮತ್ತೆ ಪೂಜೆ ನಡೆಯುತ್ತದೆ. ಕೊನೆಗೆ ಖಾನಾಪುರದ ಸಮೀಪದ ಅಸೋಗಾದಲ್ಲಿ ರಾಮಲಿಂಗೇಶ್ವರನ ಗುಡಿಯ ಬಳಿ ನದಿಯನ್ನು ಮೂರನೆಯ ಸಲ ಕಾಣಬಹುದು. ಬೆಳಿಗ್ಗೆ ಕಂಡ ಸಣ್ಣ ಒರತೆ ಸಂಜೆಯ ಹೊತ್ತಿಗೆ ಹೊಳೆಯಾಗಿರುವುದನ್ನು ಮಕ್ಕಳು ತಾವೇ ಗುರುತಿಸುತ್ತಾರೆ. ಪಾಠದ ಪುಸ್ತಕದಲ್ಲಿ ಓದಿದ ನದೀಪಾತ್ರ ಎಂಬುದು ಅವರಿಗೆ ಆ ದಿನ ಅರ್ಥವಾಗುತ್ತದೆ. ಬಂಡೆಗಳ ಮೇಲೆ ಪಾಚಿ ಇರುವುದರಿಂದ ಮಕ್ಕಳ ಕೈ ಬಿಡಬಾರದು.

ಜಿಗಣೆ, ಉಣ್ಣೆಗಳ ಕಾಟ ಇದೆಯಂತೆ. ಏನು ಮಾಡಬೇಕು?

ಮಳೆಗಾಲ ಮತ್ತು ಅದರ ಬೆನ್ನಿಗೆ ಬರುವ ತಿಂಗಳುಗಳಲ್ಲಿ ಜಿಗಣೆ ಇದ್ದೇ ಇರುತ್ತದೆ. ಅದು ಹತ್ತಿದರೆ ಗಾಬರಿಯಾಗದೆ ಉಗುರಿನ ಅಂಚಿನಿಂದ ಮೆಲ್ಲಗೆ ಸರಿಸಿ ಬಿಡಿಸಬೇಕು. ಉದ್ದನೆಯ ಕಾಲುಚೀಲದೊಳಗೆ ಪ್ಯಾಂಟಿನ ತುದಿಯನ್ನು ಸಿಕ್ಕಿಸಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುವುದು ಸಹಜ.

ಉಣ್ಣೆಯ ವಿಷಯ ಹೆಚ್ಚು ಗಂಭೀರವಾದದ್ದು. ಬೇಸಿಗೆಯ ಕಡೆಗೆ, ಅಂದರೆ ಜನವರಿಯಿಂದ ಮೇ ತಿಂಗಳವರೆಗೆ, ಒಣಗಿದ ಎಲೆಗಳ ನಡುವಿನ ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ಉಣ್ಣೆಗಳಿಂದ ಮಂಗನ ಕಾಯಿಲೆ ಹರಡಬಹುದು. ನೆರೆಯ ಉತ್ತರ ಕನ್ನಡದಲ್ಲಿಯೂ ಗೋವೆಯ ಸತ್ತರಿ ತಾಲ್ಲೂಕಿನಲ್ಲಿಯೂ ಈ ಕಾಯಿಲೆ ಕಾಣಿಸಿಕೊಂಡಿದೆ. ಎಲೆಯ ರಾಶಿಯ ಮೇಲೆ ಕೂರಬಾರದು, ತೋಳು ಮುಚ್ಚುವ ಬಟ್ಟೆ ಹಾಕಬೇಕು, ಮರಳಿದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಗಳನ್ನು ಒಗೆಯಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು. ಮುಂದಿನ ಎರಡು ವಾರಗಳಲ್ಲಿ ವಿಪರೀತ ಜ್ವರ, ತಲೆನೋವು ಬಂದರೆ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಿ.

## ಕಾಡಿನೊಳಗೆ

ವಜ್ರಪೋಹಾ ಜಲಪಾತಕ್ಕೆ ಕೆಳಗೆ ಇಳಿಯಬಹುದೇ? ವಿಡಿಯೋದಲ್ಲಿ ಇಳಿದಿದ್ದನ್ನು ನೋಡಿದ್ದೇವೆ.

ಇಳಿಯಬೇಡಿ. ಜಾಂಬೋಟಿಯ ನೈರುತ್ಯಕ್ಕೆ, ಗವಾಳಿ ಮತ್ತು ಚಾಪೋಲಿ ಹಳ್ಳಿಗಳ ನಡುವಿನ ಕಾಡಿನಲ್ಲಿ ಮಹದಾಯಿಯು ಸುಮಾರು 200 ಅಡಿ ಎತ್ತರದಿಂದ ಧುಮುಕುವ ಜಾಗವಿದು. ಮೇಲಿನ ಅಂಚಿನ ಕಲ್ಲು ಸದಾ ತೇವವಾಗಿರುತ್ತದೆ. ಒಣಗಿದಂತೆ ಕಾಣುವ ಕಡೆಯೂ ಕಪ್ಪು ಪಾಚಿಯ ತೆಳುವಾದ ಪದರವಿದ್ದು, ಒಳ್ಳೆಯ ಬೂಟು ಹಾಕಿದ ಕಾಲೂ ಜಾರುತ್ತದೆ. ಯಾರಿಗಾದರೂ ಪೆಟ್ಟಾದರೆ ಹೊತ್ತು ತರಬೇಕಾದವರು ಹಳ್ಳಿಗರೇ, ಅದೂ ಗಂಟೆಗಟ್ಟಲೆ ನಡೆದು.

ಪರವಾನಗಿ ಪಡೆದು, ದಾರಿ ಬಲ್ಲ ಸಿಬ್ಬಂದಿಯ ಜೊತೆಗೆ, ಮಳೆ ನಿಂತ ಮೇಲೆ ಹೋಗಿ ಎದುರಿನ ಎತ್ತರದಿಂದ ನೋಡಿದರೆ ಜಲಪಾತದ ಪೂರ್ಣ ನೋಟ ಸಿಗುತ್ತದೆ. ಅಲ್ಲಿಂದ ನೀರಿನ ಧಾರೆಗಿಂತ ಅದರ ಹಿಂದಿನ ಬಂಡೆಯನ್ನು ಹೆಚ್ಚು ಹೊತ್ತು ನೋಡಿ. ನೀರು ಬೀಳುವಲ್ಲಿ ಬಂಡೆ ಒಳಕ್ಕೆ ಸವೆದು, ಮೇಲಿನ ತುಟಿ ಮುಂದಕ್ಕೆ ಚಾಚಿಕೊಂಡಂತೆ ಕಾಣುತ್ತದೆ. ಆ ತುಟಿ ಎಂದೋ ಒಂದು ದಿನ ಮುರಿದು ಬೀಳುತ್ತದೆ, ಆಗ ಜಲಪಾತವು ಒಂದಿಷ್ಟು ಹಿಂದಕ್ಕೆ, ಅಂದರೆ ಪೂರ್ವಕ್ಕೆ ಸರಿದಂತಾಗುತ್ತದೆ.

ಭೀಮಗಡ ಕೋಟೆ ಹತ್ತುವುದು ಕಷ್ಟವೇ?

ಕೋಟೆ ವನ್ಯಧಾಮದ ಒಳಭಾಗದಲ್ಲಿದೆ. ಹತ್ತುವ ಕಷ್ಟಕ್ಕಿಂತ ಅನುಮತಿಯ ವಿಚಾರ ಮೊದಲು ಬರುತ್ತದೆ. ಬೆಟ್ಟದ ಬದಿಗಳು ಗೋಡೆಯಂತೆ ನೇರವಾಗಿ ನಿಂತಿವೆ. ಮೇಲೆ ಉಳಿದಿರುವುದು ಬಾಗಿಲು, ಗೋಡೆಗಳ ಅವಶೇಷಗಳಷ್ಟೇ. ಆದರೆ ಮೂರು ಕಡೆಯೂ ಕಣಿವೆಗಳು ತೆರೆದುಕೊಳ್ಳುವ ಆ ನೆತ್ತಿಯಲ್ಲಿ ನಿಂತಾಗ, ಕೋಟೆ ಕಟ್ಟಿದವರು ಹಳ್ಳಗಳು ಕೊರೆದ ಪ್ರಪಾತವನ್ನೇ ಕಂದಕವಾಗಿ ಬಳಸಿಕೊಂಡಿದ್ದಾರೆಂಬುದು ತಿಳಿಯುತ್ತದೆ. ಮೊಣಕಾಲು ನೋವಿರುವವರು ಪ್ರಯತ್ನಿಸಬಾರದು.

ಕರಡಿ ಎದುರಾದರೆ ಏನು ಮಾಡಬೇಕು?

ಖಾನಾಪುರದ ಕಾಡಿನ ಜನ ಹುಲಿಗಿಂತ ಕರಡಿಗೆ ಹೆಚ್ಚು ಹೆದರುತ್ತಾರೆ, ಅದಕ್ಕೆ ಕಾರಣವೂ ಇದೆ. ಗದ್ದೆಗೆ, ಸೌದೆಗೆ ಹೋದವರ ಮೇಲೆ ಕರಡಿ ಎರಗಿದ ಸುದ್ದಿ ಇಲ್ಲಿ ಆಗಾಗ ಕೇಳಿಬರುತ್ತದೆ. ಗೆದ್ದಲು ಅಗೆಯುವುದರಲ್ಲಿ ಮುಳುಗಿದ ಕರಡಿಗೆ ನಿಮ್ಮ ಹೆಜ್ಜೆಯ ಸಪ್ಪಳ ಕೇಳಿಸುವುದಿಲ್ಲ. ನೀವು ತೀರ ಹತ್ತಿರ ಬಂದ ಮೇಲೆ ಬೆಚ್ಚಿಬಿದ್ದು ಮೈಮೇಲೆ ಬರುತ್ತದೆ. ಆದ್ದರಿಂದ ನಸುಕಿನಲ್ಲೂ ಮುಸ್ಸಂಜೆಯಲ್ಲೂ ನಡೆಯಬಾರದು, ಒಂಟಿಯಾಗಿ ಹೋಗಬಾರದು, ತಿರುವುಗಳಲ್ಲಿ ಸಹಜವಾದ ದನಿಯಲ್ಲಿ ಮಾತನಾಡುತ್ತಿರಬೇಕು. ದೂರದಲ್ಲಿ ಕಂಡರೆ ನಿಂತು, ಅದರ ಮೇಲಿನ ಕಣ್ಣು ತೆಗೆಯದೆ ನಿಧಾನವಾಗಿ ಹಿಂದೆ ಸರಿಯಬೇಕು. ಓಡಬಾರದು. ಫೋಟೋಕ್ಕಾಗಿ ಮುಂದೆ ಹೋಗುವುದಂತೂ ಸಲ್ಲದು.

ಕಾಡಿನೊಳಗೆ ಹಳ್ಳಿಗಳಿವೆಯಂತೆ. ಅಲ್ಲಿಗೆ ಹೋಗಬಹುದೇ? ಅವರು ಯಾವ ಭಾಷೆ ಆಡುತ್ತಾರೆ?

ಗವಾಳಿ, ಕೊಂಗಳಾ, ಪಾಸ್ತೋಲಿ, ಕೃಷ್ಣಾಪುರ, ದೇಗಾಂವ, ಆಮಗಾಂವ, ತಳೇವಾಡಿ ಮುಂತಾದ ಹಳ್ಳಿಗಳು ವನ್ಯಧಾಮ ಘೋಷಣೆಯಾಗುವ ಎಷ್ಟೋ ಮೊದಲಿನಿಂದ ಇವೆ. ಮನೆಯಲ್ಲಿ ಮರಾಠಿ, ಕೊಂಕಣಿ ಆಡುವವರು ಹೆಚ್ಚು, ಪೇಟೆಯ ವ್ಯವಹಾರ ಇರುವವರಿಗೆ ಕನ್ನಡವೂ ಬರುತ್ತದೆ. ನೀವು ಪ್ರವಾಸಕ್ಕೆ ಹೋಗುವ ಅದೇ ಹಳ್ಳ ಅವರಿಗೆ ಮಳೆಗಾಲದಲ್ಲಿ ದಾರಿಯನ್ನೇ ಮುಚ್ಚುತ್ತದೆ. ಮರದ ದಿಮ್ಮಿ, ಬಳ್ಳಿಗಳಿಂದ ಪ್ರತಿ ವರ್ಷವೂ ತಾವೇ ಕಾಲುಸಂಕ ಕಟ್ಟಿಕೊಂಡು ದಾಟುತ್ತಾರೆ. ಕಾಯಿಲೆ ಬಿದ್ದವರನ್ನು ಕಂಬಳಿ, ಬಿದಿರಿನ ಡೋಲಿಯಲ್ಲಿ ಹೊತ್ತುಕೊಂಡು ಕಿಲೋಮೀಟರುಗಟ್ಟಲೆ ನಡೆದು ರಸ್ತೆಗೆ ತರುತ್ತಾರೆ. ವನ್ಯಧಾಮದ ಕಟ್ಟುಪಾಡುಗಳಿಂದಾಗಿ ರಸ್ತೆ, ಸೇತುವೆಗಳು ಸುಲಭವಾಗಿ ಬರುವುದಿಲ್ಲ. ಊರು ಬಿಟ್ಟು ಹೊರಬರಲು ಒಪ್ಪಿದ ತಳೇವಾಡಿಯ 27 ಕುಟುಂಬಗಳಿಗೆ 2025ರಲ್ಲಿ ಪರಿಹಾರದ ಮೊದಲ ಕಂತು ಸಿಕ್ಕಿತು. ಬೇರೆ ಹಳ್ಳಿಗಳಲ್ಲಿ ಹೋಗಬೇಕೆನ್ನುವವರೂ ಇದ್ದಾರೆ, ಇರಬೇಕೆನ್ನುವವರೂ ಇದ್ದಾರೆ.

ಆದ್ದರಿಂದ ಹಳ್ಳಿಯನ್ನು ನೋಡುವ ಜಾಗವೆಂದು ತಿಳಿದು ಹೋಗಬಾರದು. ಹಾದುಹೋಗುವಾಗ ನೀರು ಕೇಳಿ, ಕ್ಷೇಮ ಸಮಾಚಾರ ಮಾತಾಡಿ, ಮನೆಯ ಹೆಣ್ಣುಮಕ್ಕಳ, ಮಕ್ಕಳ ಫೋಟೋವನ್ನು ಕೇಳದೆ ತೆಗೆಯಬೇಡಿ. ಜೇನು, ಮುರುಗಲ ಸಿಪ್ಪೆಯಂಥದ್ದನ್ನು ಮಾರುವವರಿದ್ದರೆ ಚೌಕಾಸಿ ಮಾಡದೆ ಕೊಳ್ಳಿ.

## ಆಳವಾಗಿ ತಿಳಿಯಬಯಸುವವರಿಗೆ

ಎರಡು ನದಿಗಳು ಅಕ್ಕಪಕ್ಕದಲ್ಲೇ ಹುಟ್ಟಿದರೂ ಒಂದು ಕಣಿವೆ ಕೊರೆಯುತ್ತದೆ, ಇನ್ನೊಂದು ಬಯಲಲ್ಲಿ ಹರಿಯುತ್ತದೆ. ಇದೇಕೆ ಹೀಗೆ?

ಉತ್ತರವಿರುವುದು ಇಳಿಜಾರಿನಲ್ಲಿ. ಮಲಪ್ರಭೆಯು 792 ಮೀಟರ್ ಎತ್ತರದಲ್ಲಿ ಹುಟ್ಟಿ, ಸುಮಾರು 488 ಮೀಟರ್ ಎತ್ತರದಲ್ಲಿರುವ ಕೂಡಲಸಂಗಮವನ್ನು 304 ಕಿಲೋಮೀಟರ್ ಹರಿದು ಮುಟ್ಟುತ್ತದೆ. ಲೆಕ್ಕ ಹಾಕಿದರೆ ಒಂದು ಕಿಲೋಮೀಟರಿಗೆ ಸರಾಸರಿ ಒಂದೇ ಮೀಟರಿನಷ್ಟು ಇಳಿತ. ಮಹದಾಯಿಯು ಹೆಚ್ಚುಕಡಿಮೆ ಅದೇ ಎತ್ತರದ ನಾಡಿನಿಂದ ಹೊರಟು, ಘಾಟಿಯ ಕೆಲವೇ ಕಿಲೋಮೀಟರುಗಳಲ್ಲಿ ಎತ್ತರದ ಬಹುಪಾಲನ್ನು ಕಳೆದುಕೊಂಡು ಗೋವೆಯ ತಗ್ಗಿಗೆ ಬೀಳುತ್ತದೆ. ಇಳಿಜಾರು ಹೆಚ್ಚಿದ್ದಷ್ಟೂ ನೀರಿನ ವೇಗವೂ, ಅದು ಹೊತ್ತೊಯ್ಯಬಲ್ಲ ಕಲ್ಲಿನ ತೂಕವೂ ಹೆಚ್ಚುತ್ತವೆ. ಇದರ ಮೇಲೆ ಅರಬ್ಬೀ ಸಮುದ್ರದ ಮೋಡಗಳು ಮೊದಲು ಬಡಿಯುವುದೂ ಈ ಪಶ್ಚಿಮದ ಮುಖಕ್ಕೇ.

ಫೆಬ್ರುವರಿಯಲ್ಲಿ ಹೊಳೆಯ ಬಂಡೆಪಾತ್ರದ ಮೇಲೆ ನಿಂತು ನೋಡಿದರೆ ಈ ಕೆಲಸದ ಸಲಕರಣೆಯೇ ಕಾಣಸಿಗುತ್ತದೆ. ಬಂಡೆಯಲ್ಲಿ ಒರಳಿನಂತೆ ದುಂಡಗೆ ಕೊರೆದ ಕುಳಿಗಳಿರುತ್ತವೆ. ಕೈಹಾಕಿದರೆ ತಳದಲ್ಲಿ ನುಣ್ಣಗಾದ ಗುಂಡುಕಲ್ಲುಗಳು ಸಿಗುತ್ತವೆ, ಕುಳಿಯ ಒಳಗೋಡೆ ಗಾಜಿನಷ್ಟು ನಯವಾಗಿರುತ್ತದೆ. ಮಳೆಗಾಲದ ಸುಳಿಯು ಆ ಕಲ್ಲುಗಳನ್ನು ತಿರುಗಿಸುತ್ತ ಬಂಡೆಯನ್ನು ಅರೆಯುತ್ತದೆ. ಪಕ್ಕದ ಎರಡು ಕುಳಿಗಳು ದೊಡ್ಡದಾಗುತ್ತ ಒಂದಾದಾಗ ಅಲ್ಲಿ ಕಾಲುವೆ ಮೂಡುತ್ತದೆ. ಆ ಕಲ್ಲುಗಳನ್ನು ನೋಡಿ ಅಲ್ಲಿಯೇ ಬಿಡಿ.

ಪಶ್ಚಿಮಕ್ಕೆ ಹರಿಯುವ ಹಳ್ಳಗಳು ಹೀಗೆ ತಮ್ಮ ಮೂಲವನ್ನೇ ಕೊರೆಯುತ್ತ ಹಿಂದಕ್ಕೆ, ಪೂರ್ವಕ್ಕೆ ಚಾಚಿಕೊಳ್ಳುತ್ತವೆ. ಹೀಗಾಗಿ ಎರಡು ನದಿಗಳ ನಡುವಿನ ದಿಬ್ಬವು ಶಾಶ್ವತವಾದ ಗೆರೆಯಲ್ಲ. ಭೂಮಿಯ ಕಾಲಮಾನದಲ್ಲಿ ಅದು ಮಲಪ್ರಭೆಯ ಕಡೆಗೆ ಸರಿಯುತ್ತಲೇ ಇರುತ್ತದೆ.

ಬಾರಾಪೆಡೆ ಗುಹೆಯ ಬಾವಲಿ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲವಂತೆ, ಹೌದೇ? ಗುಹೆ ನೋಡಲು ಬಿಡುತ್ತಾರೆಯೇ?

ಬಹಳ ಕಾಲ ಹಾಗೆಯೇ ನಂಬಲಾಗಿತ್ತು. ತಳೇವಾಡಿಯ ಸಮೀಪದ ಬಾರಾಪೆಡೆ ಗುಹೆಗಳಿಂದ ದೊರೆತ ರಾಟನ್ನನ ಬಿಡಿಬಾಲದ ಬಾವಲಿಯನ್ನು 1913ರಲ್ಲಿ ಬ್ರಿಟಿಷ್ ವಿಜ್ಞಾನಿ ಓಲ್ಡ್‌ಫೀಲ್ಡ್ ಥಾಮಸ್ ಹೊಸ ಜೀವಿಯೆಂದು ವಿವರಿಸಿದರು. ಮುಂದೆ ಹೆಚ್ಚುಕಡಿಮೆ ಒಂದು ಶತಮಾನದವರೆಗೆ ಇದರ ನೆಲೆಯೆಂದು ಗೊತ್ತಿದ್ದದ್ದು ಇದೊಂದೇ. ಆಮೇಲೆ ಮೇಘಾಲಯದ ಗುಹೆಗಳಲ್ಲಿಯೂ ಕಾಂಬೋಡಿಯಾದಲ್ಲಿಯೂ ಇದು ಪತ್ತೆಯಾಯಿತು. ಹಳೆಯ ಮಾತು ಮಾತ್ರ ಇನ್ನೂ ಎಲ್ಲೆಡೆ ಉಳಿದುಕೊಂಡಿದೆ. ಹಾಗೆಂದು ಬಾರಾಪೆಡೆಯ ಬೆಲೆ ಕಡಿಮೆಯಾಗುವುದಿಲ್ಲ. ದಕ್ಷಿಣ ಭಾರತದಲ್ಲಿ ಇದಕ್ಕೆ ಬೇರೆ ನೆಲೆ ಗೊತ್ತಿಲ್ಲ, ಮತ್ತು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಹುಲಿಗೆ ಕೊಟ್ಟಷ್ಟೇ ರಕ್ಷಣೆಯ ಪಟ್ಟಿಯಲ್ಲಿ, ಇದರ ಹೆಸರಿದೆ.

ಗುಹೆಗೆ ಪ್ರವಾಸಿಗರನ್ನು ಬಿಡುವುದಿಲ್ಲ, ಬಿಡಲೂಬಾರದು. ಹೆಣ್ಣು ಬಾವಲಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಬ್ಯಾಟರಿಯ ಬೆಳಕು, ಹೊಗೆ, ಮಾತಿನ ಪ್ರತಿಧ್ವನಿಗೆ ಬೆದರಿ ಗುಂಪು ಎದ್ದಾಗ ಮರಿಗಳು ನೆಲಕ್ಕೆ ಬೀಳುತ್ತವೆ. ಆ ವರ್ಷದ ಸಂತಾನ ಅಷ್ಟಕ್ಕೇ ಮುಗಿಯಬಹುದು.

ಹುಲಿ, ಜಲಪಾತ ಬಿಟ್ಟು ಬೇರೇನು ವಿಶೇಷ? ನಾನು ಸಸ್ಯಶಾಸ್ತ್ರದ ವಿದ್ಯಾರ್ಥಿ.

ನಿಮ್ಮಂಥವರು ಚೋರ್ಲಾ, ಜಾಂಬೋಟಿ ಕಡೆಯ ಜಂಬಿಟ್ಟಿಗೆಯ ಹಾಸುಬಂಡೆಗಳ ಮೇಲೆ ಮಂಡಿಯೂರಿ ಕೂತು ನೋಡಬೇಕು. ಬೇಸಿಗೆಯಲ್ಲಿ ಕಾದ ಹೆಂಚಾಗುವ ಈ ಬಂಡೆಗಳ ಮೇಲೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಒಂದು ಅಂಗುಲದಷ್ಟು ಮಣ್ಣು, ನೀರು ನಿಂತಾಗ ನೀಲಿ, ಬಿಳಿ ಹೂವಿನ ಸಣ್ಣ ಗಿಡಗಳು ಹಾಸಿಕೊಳ್ಳುತ್ತವೆ. ಅವುಗಳಲ್ಲಿ ಯುಟ್ರಿಕ್ಯುಲೇರಿಯಾ ಜಾತಿಯವು ಮಣ್ಣಿನಡಿ ಹರಡಿದ ಬೇರಿನಂಥ ಎಳೆಗಳ ಸಣ್ಣ ಚೀಲಗಳಲ್ಲಿ ನೀರಿನ ಕ್ರಿಮಿಗಳನ್ನು ಹಿಡಿದು ತಿನ್ನುತ್ತವೆ. ಸಾರವಿಲ್ಲದ ಮಣ್ಣಿನಲ್ಲಿ ಸಾರಜನಕ ಪಡೆಯಲು ಅವು ಕಂಡುಕೊಂಡ ದಾರಿಯಿದು. ಇಳಿಜಾರುಗಳಲ್ಲಿ ಗುರಿಗೆ ಅಥವಾ ಕಾರ್ವಿ ಎನ್ನುವ ಪೊದೆಯಿದೆ. ಅದು ಏಳೆಂಟು ವರ್ಷ ಬರಿಯ ಎಲೆಯಾಗಿ ಬೆಳೆದು, ಒಂದೇ ಸಲ ಎಲ್ಲ ಕಡೆಯೂ ಹೂಬಿಟ್ಟು ಸಾಯುತ್ತದೆ.

ಮಣ್ಣಿನ ಒಳಗೂ ಸಂಪತ್ತಿದೆ. ಚೋರ್ಲಾದಲ್ಲಿ ಸಿಕ್ಕ, ಎರೆಹುಳದಂತೆ ಕಾಣುವ ಕಾಲಿಲ್ಲದ ಉಭಯಚರವೊಂದನ್ನು 2007ರಲ್ಲಿ ಹೊಸ ಪ್ರಭೇದವೆಂದು ಗುರುತಿಸಿ, ಗೆಜೆನಿಯೊಫಿಸ್ ಮಹದೇಯಿಯೆನ್ಸಿಸ್ ಎಂದು ನದಿಯ ಹೆಸರನ್ನೇ ಇಟ್ಟರು. ಹಾಸುಬಂಡೆಯ ಮೇಲೆ ಜೀಪು ಓಡಿಸಿದರೆ ಇಂಥ ಜೀವಿಗಳ ಪೂರ್ಣ ನೆಲೆಯೇ ಅಳಿಯುತ್ತದೆ.

ಕಳಸಾ-ಬಂಡೂರಿ ಯೋಜನೆ ಇದೇ ಕಾಡಿನದ್ದೇ? ನಾವು ನರಗುಂದದ ಕಡೆಯ ರೈತರು, ನಮಗೆ ಕಾಡು ಮುಖ್ಯವೋ ನೀರು ಮುಖ್ಯವೋ?

ಕಳಸಾ ಹಳ್ಳ ಕಣಕುಂಬಿಯ ಬಳಿ, ಬಂಡೂರಿ ಹಳ್ಳ ಖಾನಾಪುರ ತಾಲ್ಲೂಕಿನ ನೇರಸೆಯ ಬಳಿ ಇವೆ. ಇವೆರಡೂ ಮಹದಾಯಿಗೆ ಸೇರುವ ಹಳ್ಳಗಳು. ಇವುಗಳ ನೀರಿನ ಒಂದು ಪಾಲನ್ನು ಮಲಪ್ರಭೆಗೆ ತಿರುಗಿಸಿ, 37.73 ಟಿಎಂಸಿ ಸಾಮರ್ಥ್ಯದ ನವಿಲುತೀರ್ಥ ಜಲಾಶಯಕ್ಕೆ ತರುವುದು ಯೋಜನೆಯ ಉದ್ದೇಶ. 2010ರಲ್ಲಿ ರಚನೆಯಾದ ಮಹದಾಯಿ ಜಲವಿವಾದ ನ್ಯಾಯಮಂಡಳಿಯು 2018ರ ಆಗಸ್ಟ್ 14ರಂದು ಕೊಟ್ಟ ತೀರ್ಪಿನಲ್ಲಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಹಂಚಿಕೆಯಾಯಿತು. ಅದರಲ್ಲಿ ಕಳಸಾಕ್ಕೆ 1.72, ಬಂಡೂರಿಗೆ 2.18 ಟಿಎಂಸಿ. ಮಹದಾಯಿ ಜಲಾನಯನದ 2,032 ಚದರ ಕಿಲೋಮೀಟರಿನಲ್ಲಿ 375 ಕರ್ನಾಟಕದಲ್ಲಿದೆ, ಹೆಚ್ಚಿನ ಭಾಗ ಗೋವೆಯದು.

ಮಲಪ್ರಭೆ ಬತ್ತಿದಾಗ ನರಗುಂದ, ನವಲಗುಂದದ ಹೊಲಗಳು ಏನಾಗುತ್ತವೆಂದು ಬಲ್ಲವರು, 2015ರಿಂದ ಈ ಯೋಜನೆಗಾಗಿ ಅಲ್ಲಿ ಧರಣಿ ಕುಳಿತ ರೈತರ ಕಳಕಳಿಯನ್ನು ಲಘುವಾಗಿ ಕಾಣಲಾರರು. ಅದೇ ಹೊತ್ತಿಗೆ, ಮಲಪ್ರಭೆಯ ನೀರನ್ನು ಹಿಡಿದಿಟ್ಟು ಡಿಸೆಂಬರಿನಲ್ಲೂ ಒರತೆಯಾಗಿ ಬಿಡುವುದು ಕಣಕುಂಬಿ, ಜಾಂಬೋಟಿಯ ಕಾಡೇ ಎಂಬುದೂ ಅಷ್ಟೇ ನಿಜ. ಆದ್ದರಿಂದ ಕಾಡೋ ನೀರೋ ಎಂದು ಆರಿಸಿಕೊಳ್ಳುವ ಪ್ರಶ್ನೆ ಮಲಪ್ರಭೆಯ ರೈತನಿಗೆ ಇಲ್ಲವೆಂದು ನನ್ನ ಅಭಿಪ್ರಾಯ. ಎಷ್ಟು ಮರ ಹೋಗುತ್ತದೆ, ಕಾಲುವೆ ತೆರೆದದ್ದೋ ನೆಲದಡಿಯ ಕೊಳವೆಯೋ ಎಂಬುದನ್ನು ಅಧಿಕಾರಿಗಳಲ್ಲಿ ಗಟ್ಟಿಯಾಗಿ ಕೇಳುವ ಹಕ್ಕು ಗೋವೆಯವರಿಗಿದ್ದಂತೆ ಅವನಿಗೂ ಇದೆ. ಕಣಕುಂಬಿಗೆ ಹೋದಾಗ ಕಾಮಗಾರಿಯ ಜಾಗವನ್ನು ರಸ್ತೆಯ ಬದಿಯಿಂದ ನೋಡಿ, ಉಗಮದ ತೀರ್ಥವನ್ನೂ ಅದೇ ದಿನ ನೋಡಿ.

ನಾವು ಕಂಡ ಹಕ್ಕಿ, ಕಪ್ಪೆ, ಹೂವುಗಳನ್ನು ದಾಖಲಿಸಿದರೆ ಯಾರಿಗಾದರೂ ಉಪಯೋಗವಾಗುತ್ತದೆಯೇ?

ಖಂಡಿತ ಆಗುತ್ತದೆ. ಭೀಮಗಡದ ದಾಖಲೆಗಳು ದಾಂಡೇಲಿಯಷ್ಟು ದಟ್ಟವಾಗಿಲ್ಲ. ಹಕ್ಕಿಗಳನ್ನು ಇಬರ್ಡ್ ಎಂಬ ಜಾಲತಾಣದಲ್ಲಿ, ಉಳಿದವನ್ನು ಐನ್ಯಾಚುರಲಿಸ್ಟ್ ಎಂಬ ಜಾಲತಾಣದಲ್ಲಿ ದಿನಾಂಕ, ಸ್ಥಳ, ಚಿತ್ರಸಹಿತ ಸೇರಿಸಬಹುದು. ಗುರುತು ಗೊತ್ತಿಲ್ಲದಿದ್ದರೂ ಚಿತ್ರ ಹಾಕಿ, ಬಲ್ಲವರು ಹೇಳುತ್ತಾರೆ. ಗೂಡು, ಗುಹೆ, ಆರ್ಕಿಡ್ ಗಿಡಗಳ ಸ್ಥಳವನ್ನು ಮಾತ್ರ ಮಸುಕಾಗಿಸುವ ಆಯ್ಕೆಯನ್ನು ಒತ್ತಬೇಕು, ಇಲ್ಲವಾದರೆ ಮುಂದಿನ ವಾರ ಅಲ್ಲಿ ಗುಂಪು ನೆರೆಯುತ್ತದೆ. ಚಿತ್ರಕ್ಕಾಗಿ ಕಪ್ಪೆಯನ್ನು ಹಿಡಿಯಬಾರದು, ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ನುಡಿಸಿ ಕರೆಯಬಾರದು. ಉರುಳು, ಹೊಸದಾಗಿ ಕಡಿದ ಮರ, ಸತ್ತ ಪ್ರಾಣಿ ಕಂಡರೆ ಜಾಲತಾಣಕ್ಕೆ ಹಾಕುವ ಮೊದಲು ವಲಯ ಕಚೇರಿಗೆ ತಿಳಿಸಿ. ಒಂದೇ ಹಳ್ಳದ ಒಂದೇ ತಿರುವಿನಲ್ಲಿ ಪ್ರತಿ ವರ್ಷ ಅದೇ ತಿಂಗಳಲ್ಲಿ ನಿಂತು ನೀರಿನ ಮಟ್ಟ ಎಲ್ಲಿಯವರೆಗೆ ಇತ್ತೆಂದು ಬಂಡೆಯ ಗುರುತಿನೊಂದಿಗೆ ಫೋಟೋ ತೆಗೆದಿಡುವುದು ಇನ್ನೂ ಒಳ್ಳೆಯ ಕೆಲಸ. ಅದಕ್ಕೆ ಬೇಕಾಗುವುದು ಒಂದು ಮೊಬೈಲ್ ಮತ್ತು ಮರಳಿ ಅದೇ ಜಾಗಕ್ಕೆ ಬರುವ ಮನಸ್ಸು.